ತೊಟ್ಟಿಲಲ್ಲಿ ಗುಂಡುಕಲ್ಲು

"ನಮ್ಮಕ್ಕನ ಹೆಸರು ಯಾರೋ ಕದ್ದಾರ್ರಿ," ಎಂದಳು ಸಾಕ್ಷಿ ಬಾಗಿಲಲ್ಲೇ ನಿಂತು.

ಶಿವಬಸವ ನಗರದ ಆ ಮನೆಗೆ ಕಳವಿನ ದೂರು ಹೊಸದಲ್ಲ. ಪೊಲೀಸ್ ಕೆಲಸದಿಂದ ನಿವೃತ್ತರಾದ ಶಾಂತಾಬಾಯಿಯವರ ಜೊತೆಗಿದ್ದು ತಂಗಿಯ ಮಗಳು ಪೂನಮ್ ಬಂಗಾರ, ಬೈಕು, ಎಮ್ಮೆ ಕಳೆದ ಕತೆಗಳನ್ನೆಲ್ಲ ಕೇಳಿದ್ದಳು. ಹೆಸರು ಕಳುವಾದದ್ದು ಇದೇ ಮೊದಲು.

ಪಾರಿಶ್ವಾಡದ ಸಾಕ್ಷಿ, ಮಹಾಂತೇಶ ನಗರದ ತಾರಾ ಸಂಘದಲ್ಲಿ ದೂರದರ್ಶಕದ ಚಿತ್ರಗಳನ್ನು ಹೋಲಿಸುತ್ತ, ಮಂಗಳ-ಗುರುಗಳ ನಡುವೆ ಸುತ್ತುವ ಹೊಸ ಕ್ಷುದ್ರಗ್ರಹವೊಂದನ್ನು ಪತ್ತೆಹಚ್ಚಿದ್ದಳು. ಅದರ ದಾರಿ ಖಚಿತವಾದ ಮೇಲೆ ಹೆಸರು ಸೂಚಿಸುವ ಹಕ್ಕು ಅವಳಿಗೆ ಬಂತು. ಅವಳ ಅಕ್ಕ ನಾಮಕರಣಕ್ಕೆ ಮುಂಚೆಯೇ ತೀರಿಹೋದ ಕೂಸು. ಸೋದರತ್ತೆ ಗಂಗಾದೇವಿ ಆರಿಸಿಟ್ಟಿದ್ದ ಹೆಸರು ಗಂಟಲಲ್ಲೇ ಉಳಿದಿತ್ತು. ಅದನ್ನೇ ಕಾರಣಸಹಿತ ಸಂಘದ ಕಂಪ್ಯೂಟರಿನಲ್ಲಿ ಬರೆದು, ಚಹಾ ಕುಡಿದು ಬಂದು, ಮತ್ತೆ ಓದದೆ ಆಕಾಶಕಾಯಗಳ ಹೆಸರು ಒಪ್ಪುವ ಸಮಿತಿಗೆ ಕಳಿಸಿದ್ದಳು. ಬಂದ ಉತ್ತರದಲ್ಲಿದ್ದದ್ದು, ಮುಂದಿನ ತಿಂಗಳು ಕುರ್ಚಿ ಬಿಡಲಿರುವ ಅಧ್ಯಕ್ಷ ಪದ್ಮಾಕರರ ದಿವಂಗತ ತಂದೆಯ ಹೆಸರು. ಯಾರ ಹೆಸರಿಡುತ್ತೇನೆಂದು ಸಂಘದಲ್ಲಿ ತಾನು ಒಬ್ಬರಿಗೂ ಹೇಳಿರಲಿಲ್ಲ ಎಂದಳು.

ಅವಳು ಚಹಾಕ್ಕೆ ಹೋದಾಗ ಕಂಪ್ಯೂಟರಿನ ಕೋಣೆಯಲ್ಲಿದ್ದವರು ಪದ್ಮಾಕರ, ಕಾರ್ಯದರ್ಶಿ ಚೇತನ ಮತ್ತು ದೂರದರ್ಶಕ ನೋಡಿಕೊಳ್ಳುವ ವಿನಯ. ಆ ಬರಹವನ್ನು ಓದಿಲ್ಲವೆಂದು ಮೂವರೂ ಆಣೆ ಮಾಡಿದರು. ಶಾಂತಾಬಾಯಿ ಎಲ್ಲರನ್ನೂ ಕೇಳಿದ್ದು ಒಂದೇ: ಆ ಕ್ಷುದ್ರಗ್ರಹಕ್ಕೆ ಯಾವ ಹೆಸರು ಒಪ್ಪುತ್ತದೆ? ಕಂಡುಹಿಡಿದವಳು ಹೇಳಿದ್ದು ಎಂದ ವಿನಯ. ಬಂದದ್ದನ್ನು ಬದಲಿಸಿದರೆ ಸಂಘಕ್ಕೆ ಚಂದವಲ್ಲ ಎಂದರು ಪದ್ಮಾಕರ.

"ಹಿರೇರ ಹೆಸರ ಉಳೀಬೇಕ್ರಿ," ಎಂದ ಚೇತನ. "ಕಣ್ಣ ಬಿಡದ ಕೂಸಿನ ಹೆಸರಿಟ್ಟ ಯಾರಿಗೇನ ಆಗಬೇಕಾಗೇತಿ?"

ಕಳ್ಳ ಪದ್ಮಾಕರರೇ ಎಂದು ಪೂನಮ್ ಮನಸ್ಸಿನಲ್ಲೇ ತೀರ್ಪು ಕೊಟ್ಟಳು.

ಭಾನುವಾರ, ಹೆಸರಿಡುವ ಶಾಸ್ತ್ರಕ್ಕೆಂದು ಸಾಕ್ಷಿ ಕರೆದದ್ದರಿಂದ, ಎಲ್ಲರೂ ಪಾರಿಶ್ವಾಡದ ಅವಳ ಮನೆಯಲ್ಲಿ ಸೇರಿದರು. ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ಅಲ್ಲಿನ ರೂಢಿ. ಅಂದು ಕಲ್ಲೇ ಮಗು.

"ಲಾಭ ನೋಡಿದ್ರ ಪದ್ಮಾಕರರ ಮ್ಯಾಲ ಸಂಶಯ ಬರತದ," ಎಂದರು ಶಾಂತಾಬಾಯಿ. "ಆದ್ರ ಕೂಸಿನ ಮಾತು ಆ ಬರಹದಾಗ ಬಿಟ್ರ ಎಲ್ಲೂ ಇರಲಿಲ್ಲ, ನಾನೂ ಯಾರ ಮುಂದೂ ಆಡಿರಲಿಲ್ಲ. ಓದಿಲ್ಲ ಅಂದ ಚೇತನಗ ಅದು ಹೆಂಗ ಗೊತ್ತಾತು? ಅಧ್ಯಕ್ಷರನ್ನ ಖುಷಿ ಮಾಡಿದ್ರ ಕುರ್ಚಿ ತನಗ ಬರತದ ಅಂತ, ಈಕಿ ಚಹಾಕ್ಕ ಹೋದಾಗ ತಿದ್ದ್ಯಾನ."

ಚೇತನ ತಲೆ ತಗ್ಗಿಸಿದ. ಪೂನಮ್‌ಗೆ ತನ್ನ ತೀರ್ಪಿನ ನೆನಪಾಗಿ ಮುಖ ಬಿಸಿಯಾಯಿತು. ಪದ್ಮಾಕರ ಮಾತ್ರ, ಸಂಘದ ಮಾನ ಹೋಗುತ್ತದೆ, ಆದದ್ದಾಯಿತು ಎಂದು ಗೊಣಗಿದರು.

"ಅಕ್ಕ ಹೋದಾಗೂ 'ಹೆಣ್ಣಕೂಸು, ಇರಲಿ ಬಿಡ್ರಿ' ಅಂದಿದ್ರಂತ," ಎಂದಳು ಸಾಕ್ಷಿ. "ನಾ ಇರಲಿ ಅನ್ನಂಗಿಲ್ರಿ."

ಅಲ್ಲೇ ಎಲ್ಲರೆದುರು, ಮೊದಲು ಬರೆದಿದ್ದ ಅಕ್ಕನ ಹೆಸರೇ ತನ್ನ ಸೂಚನೆಯೆಂದು ಸಮಿತಿಗೆ ಮೊಬೈಲಿನಿಂದ ಬರೆದು ಕಳಿಸಿದಳು. ಗಂಗಾದೇವಿ ಕಲ್ಲಿನ ಕಿವಿಯಲ್ಲಿ ಹೆಸರು ಉಸುರಲು ಬಾಗಿದರು.

"ಕಿವ್ಯಾಗ ಬ್ಯಾಡ ಅತ್ತಿ. ಎಲ್ಲಾರಿಗೂ ಕೇಳೂ ಹಂಗ ಕರಿ."

ಗಂಗಾದೇವಿ ನೆಟ್ಟಗೆ ನಿಂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಒಂದೇ ಉಸಿರಿಗೆ ಕೂಗಿದರು: "ಬಸವಣ್ಣೆವ್ವಾ!"

ಓಣಿಯ ಆಚೆಯವರೂ ಹೊರಳಿ ನೋಡಿದರು.