ಮೀಟರಿಗೆ ಬೀಳದ ಬಿಸಿನೀರು

ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದರು. ಕರೆಂಟು ಮಾತ್ರ ಹೆಚ್ಚಾಗಿತ್ತು.

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟುಹೋಗಿದ್ದರು. ಬೆಳಿಗ್ಗೆ ಅವಳು ಎಂದಿನಂತೆ ಕಸ ಗುಡಿಸಿ, ಹಾಲು ಕಾಯಲಿಟ್ಟು, ಫೋನು ನೋಡಿದಳು. ಎರಡು ಸಂದೇಶ. ಮೊದಲನೆಯದು ಕರೆಂಟು ಕಂಪನಿಯದು: ಬಳಕೆ ಏರಿರುವುದರಿಂದ ಈ ತಿಂಗಳ ಆಟೊ ಡೆಬಿಟ್ ಮೊತ್ತವನ್ನೂ ಏರಿಸಲಾಗಿದೆ. ಎರಡನೆಯದು ಬ್ಯಾಂಕಿನದು: ಖಾತೆಯಲ್ಲಿ ಸಾಕಷ್ಟು ಹಣವಿಲ್ಲ, ಮನೆ ಬಾಡಿಗೆ ಪಾವತಿಯಾಗಿಲ್ಲ.

ಹಾಲು ಉಕ್ಕಿ ಹರಿಯಿತು. ಇಷ್ಟು ದಿನ ಕಲ್ಲಿನಂತಿದ್ದವಳಿಗೆ ಮೊದಲ ಬಾರಿ ಏನೋ ಬಂತು. ಅಳು ಅಲ್ಲ, ಸಿಟ್ಟು. ಕರೆಂಟು ಕಂಪನಿಗೆ ಫೋನು ಮಾಡಿದಳು.

"ಖಾತೆದಾರರಿಗೆ ಫೋನ್ ಕೊಡಿ ಮೇಡಂ," ಎಂದಿತು ಕಂಪನಿಯ ದನಿ.

"ಅವರು ತೀರಿಕೊಂಡಿದಾರೆ."

"ಸರಿ ಮೇಡಂ. ಯಾವಾಗ ಸಿಗ್ತಾರೆ?"

"ನೀವೇ ಹೋಗಿ ಕೇಳ್ಬೇಕು," ಎಂದು ಫೋನು ಕುಕ್ಕಿದಳು.

ಅವನು ಕೆಲಸ ಮಾಡುತ್ತಿದ್ದದ್ದೂ ಅದೇ ಕಂಪನಿಯಲ್ಲಿ. ಕರೆಂಟು ಕಳ್ಳರನ್ನು ಹಿಡಿಯುವ ತಂಡ. ಕಳ್ಳತನ ಹೇಗೆಲ್ಲ ನಡೆಯುತ್ತದೆ ಎಂಬುದು ಅವಳಿಗೆ ಊಟದ ಜೊತೆಗೇ ಪಾಠವಾಗಿತ್ತು. ಕಂಪನಿಯಿಂದ ಅವನಿಗೆ ಬರಬೇಕಾದ ಹಣ ಕೈಗೆ ಬರುವ ತನಕ ಕಾಯುತ್ತೇನೆ, ಆಮೇಲೆ ಒಂದು ದಿನವೂ ಇಲ್ಲ ಎಂದು ಮನೆಯ ಮಾಲೀಕ ಫೋನಿನಲ್ಲೇ ಹೇಳಿ ಮುಗಿಸಿದ. ಆ ಹಣ ಬಂದರೆ ಮನೆ ಉಳಿಯುತ್ತದೆ. ಇಲ್ಲದಿದ್ದರೆ ಅತ್ತೆಯನ್ನು ಕರೆದುಕೊಂಡು ಬೀದಿಗೆ.

ಅವಳು ಓದಿದ್ದು ಸಂಖ್ಯಾಶಾಸ್ತ್ರ. ಕಂಪನಿಯ ಆ್ಯಪ್ ತೆರೆದು ಬಳಕೆಯ ಗೆರೆಯನ್ನು ನೋಡಿದಳು. ಅಂತ್ಯಕ್ರಿಯೆಯ ಮರುದಿನದಿಂದಲೇ ಗೆರೆ ಮೇಲೆದ್ದಿತ್ತು.

"ನೆಂಟರು ಮಿಂದದ್ದು ಕಣೆ," ಎಂದರು ಅತ್ತೆ. "ನಿನ್ನ ಚಿಕ್ಕಪ್ಪನೊಬ್ಬನೇ ಒಂದು ಕೆರೆ ನೀರು ಕಾಯಿಸ್ತಿದ್ದ."

ಕೆಲವು ದಿನ ಕಾದಳು. ಮನೆಯಲ್ಲಿ ಇಬ್ಬರೇ. ಗೆರೆ ಇಳಿಯಿತು, ಆದರೆ ಹಳೆಯ ಮಟ್ಟಕ್ಕೆ ಅಲ್ಲ.

ನಾವೆಲ್ಲ ಅವನನ್ನು ಕಳಿಸಿಕೊಡಲು ಹೋಗಿದ್ದಾಗ ಯಾರೋ ಬಂದು ವೈರಿಗೆ ಕೈ ಹಾಕಿದ್ದಾರೆ. ಅವಳು ಹಲ್ಲು ಕಚ್ಚಿದಳು.

* * *

ಮೀಟರುಗಳಿದ್ದದ್ದು ಮೆಟ್ಟಿಲ ಕೆಳಗೆ. ಅಲ್ಲೇ ಮೇಲಿನ ಮನೆಯವರ ಬ್ಯಾಟರಿ ಸ್ಕೂಟರು ಚಾರ್ಜಿಗೆ ನಿಂತಿತ್ತು. ಹೊಸದು. ಅವಳು ತನ್ನ ಮೇನ್ ಸ್ವಿಚ್ ಇಳಿಸಿ ಸ್ಕೂಟರಿನತ್ತ ತಿರುಗಿದಳು. ಚಾರ್ಜರಿನ ಹಸಿರು ದೀಪ ಆರಲಿಲ್ಲ.

ಮೇಲಿನ ಮನೆಯವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಅನುಮಾನ ಪರಿಹಾರ ಆಯ್ತಾ? ಸಾವಾದ ಮನೆ ಅಂತ ಸುಮ್ನಿದೀನಿ."

"ಸುಮ್ನಿರ್ಬೇಡಿ, ಬೈದುಬಿಡಿ. ಎಲ್ಲರೂ ಮೆತ್ತಗೆ ಮಾತಾಡಿ ಮಾತಾಡಿ ನಂಗೆ ಸಾಕಾಗಿದೆ."

ಅವರಿಗೆ ಬೈಗುಳ ತೋಚಲಿಲ್ಲ. ಒಳಗೆ ಹೋದರು.

ನೆಲಮಹಡಿಯ ಅಂಗಡಿಯ ಬಾಗಿಲಲ್ಲಿ, ಬೆಳಕಿಗೆ ಮುಖ ಮಾಡಿ, ಟೈಲರಕ್ಕ ಕಾಲಿನ ಮಷೀನು ತುಳಿಯುತ್ತಿದ್ದರು. "ಕರೆಂಟು ಬಿಲ್ಲಾ? ನಿಮ್ಮ ಮನೆಗೂ ಬಂತಾ ಆ ರೋಗ? ನಾನು ಮೋಟರು ಮಷೀನನ್ನೇ ಮಾರಿದೆ. ಆದ್ರೂ ಇಳೀಲಿಲ್ಲ. ಈಗ ನೋಡಿ, ಈ ತಿಂಗಳು ತಾನಾಗೇ ಇಳಿದಿದೆ. ಯಾವ ಮಾಯೆಯೋ."

ಅವಳು ಅರ್ಧ ಕಿವಿಯಲ್ಲಿ ಕೇಳಿದಳು. ಕಣ್ಣು ತನ್ನ ಮೀಟರಿನ ಮೇಲಿತ್ತು. ಕರೆಂಟು ಹರಿದಾಗ ಮಿಟುಕುವ ಅದರ ಕೆಂಪು ದೀಪ ಪೂರ್ತಿ ನಿಂತಿತ್ತು. ಹೊರಗಿನವರು ಯಾರೂ ಕದಿಯುತ್ತಿಲ್ಲ. ಹಾಗಾದರೆ ತಿನ್ನುವವನು ಮನೆಯೊಳಗೇ ಇದ್ದಾನೆ.

* * *

ಎಲ್ಲ ಆರಿಸು, ಒಂದೊಂದಾಗಿ ಹಾಕು, ಮೀಟರು ನೋಡು. ಅವನ ವಿಧಾನ ಅದು. ಅತ್ತೆ ಮೇಲೆ, ಅವಳು ಕೆಳಗೆ, ನಡುವೆ ಫೋನು.

"ಫ್ಯಾನು ಹಾಕ್ದೆ," ಎಂದರು ಅತ್ತೆ. "ಫ್ರಿಜ್ಜು ಹಾಕ್ದೆ. ಇನ್ನೇನು, ನನ್ನನ್ನೂ ಒಂದ್ಸಲ ಹಾಕಿ ನೋಡ್ತೀಯ?"

"ಗೀಸರ್ ಹಾಕಿ ಅತ್ತೆ."

ಕೆಂಪು ದೀಪ ಹುಚ್ಚು ಹಿಡಿದಂತೆ ಮಿಟುಕತೊಡಗಿತು.

"ಗೀಸರ್ ಇವತ್ತಿನದಾ?" ಅತ್ತೆ ಗೊಣಗಿದರು. "ಎಷ್ಟು ವರ್ಷದಿಂದ ದಿನಾ ಬೆಳಿಗ್ಗೆ ಬಿಸಿನೀರಲ್ಲೇ ಮೀತಿದೀನಿ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಫೋನಿನಲ್ಲಿ ಹೋದ ವರ್ಷದ ಗೆರೆ ತೆಗೆದಳು. ಅತ್ತೆ ಮೀಯುವ ಹೊತ್ತಿಗೆ ಉಬ್ಬು ಇರಬೇಕಿತ್ತು. ಇರಲಿಲ್ಲ. ಅದರ ಹಿಂದಿನ ವರ್ಷ ನೋಡಿದಳು. ಅಲ್ಲೂ ಇಲ್ಲ.

ಇಷ್ಟು ದಿನ ಅವಳು ತಪ್ಪು ಪ್ರಶ್ನೆ ಹಿಡಿದು ಅಲೆದಿದ್ದಳು. ಈಗ ಉಬ್ಬು ಯಾಕೆ ಬಂತು ಎಂಬುದಲ್ಲ. ಮೊದಲು ಯಾಕೆ ಇರಲಿಲ್ಲ?

ಬಚ್ಚಲಿಗೆ ಹೋಗಿ ಸ್ಟೂಲು ಹತ್ತಿದಳು. ಹಬೆಗೆ ಹಳದಿಗಟ್ಟಿದ ಗೋಡೆಯ ಮೇಲೆ ಗೀಸರಿಗೆ ಹೋಗುವ ವೈರೊಂದೇ ಹಾಲಿನಂತೆ ಬೆಳ್ಳಗಿತ್ತು, ಹೊಸದು. ಅದರ ಹಿಂದೆ, ಕೊಳಾಯಿ ಪೈಪು ಕೆಳಗಿಳಿಯುವ ಸಂದಿಯಲ್ಲಿ, ಕತ್ತರಿಸಿದ ಹಳೆಯ ವೈರಿನ ತುದಿ. ಆ ಸಂದಿಯ ಕೆಳಗಿರುವುದು ಟೈಲರಕ್ಕನ ಅಂಗಡಿ.

"ಅತ್ತೆ, ಅಂತ್ಯಕ್ರಿಯೆ ದಿನ ಮನೆ ಕೀಲಿ ಯಾರ ಕೈಲಿತ್ತು?"

"ನನ್ನ ಕೈಲೇ. ನಡುವೆ, ನನ್ನ ಮಾತ್ರೆ ಮರೆತು ಬಂದಿದ್ದೆ ಅಂತ, ನಮ್ಮ ಏಣಿನೇ ಕೀಲಿ ಇಸ್ಕೊಂಡು ತರಕ್ಕೆ ಹೋಗಿದ್ದ. ಎಷ್ಟೊತ್ತಾದ್ರೂ ಬರಲೇ ಇಲ್ಲ ಪುಣ್ಯಾತ್ಮ."

* * *

ಏಣಿ ಎಂಬುದು ಗಂಡನ ತಂಡದ ಗೆಳೆಯನ ಅಡ್ಡಹೆಸರು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅವಳು ಕರೆದಾಗ ಬಂದವನು ಕೂತ ಮೇಲೂ ತಲೆ ಎತ್ತಲಿಲ್ಲ.

"ಮಾತ್ರೆ ಹುಡುಕೋಕೆ ಅಷ್ಟು ಹೊತ್ತು ಯಾಕಾಯ್ತು?" ಎಂದಳು. "ಹೊಸ ವೈರು ಎಳೀತಿದ್ರಲ್ವಾ?"

"ಅತ್ತಿಗೆ..."

"ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಅಂತ್ಯಕ್ರಿಯೆ ಮರುದಿನದಿಂದ ನಮ್ಮ ಬಿಲ್ಲು ಏರೋಕೆ ಶುರು, ಕೆಳಗಿನವರದ್ದು ಇಳಿಯೋಕೆ ಶುರು. ಅಲ್ಲಿವರೆಗೂ ನಮ್ಮ ಗೀಸರ್ ಓಡ್ತಿದ್ದದ್ದು ಟೈಲರಕ್ಕನ ಮೀಟರಲ್ಲಿ. ಹಾಕಿದ್ದು ನಮ್ಮನೆಯವರು. ತೆಗೆದದ್ದು ನೀವು."

ಏಣಿ ಕೈ ಹಿಸುಕಿಕೊಂಡ. "ಗೋಡೆ ಒಳಗೆ ನಿಮ್ಮ ವೈರು ಸುಟ್ಟುಹೋಗಿತ್ತು. ಮಾಲೀಕ ರಿಪೇರಿ ಮಾಡಿಸ್ಲಿಲ್ಲ. ಒಂದು ವಾರಕ್ಕೆ ಕೆಳಗಿನಿಂದ ಎರವಲು ಅಂತ ನಿಮ್ಮ ಯಜಮಾನ ಹೇಳಿದ್ದ. ಆ ವಾರ ಮೂರು ವರ್ಷ ಆಯ್ತು."

"ಎರವಲು ಅಂದ್ರೆ ಕೇಳಿ ತಗೊಳ್ಳೋದು. ಕೇಳಿದ್ರಾ?"

"ಇಲ್ಲ."

"ಬೇರೆಯವರು ಮಾಡಿದ್ರೆ ನಿಮ್ಮ ತಂಡ ಏನಂತ ಬರೀತಿತ್ತು?"

ಏಣಿ ಬಾಗಿಲಿನತ್ತ ನೋಡಿ ದನಿ ಇಳಿಸಿದ. "ಈ ಬೀದೀಲಿ ತಪಾಸಣೆ ಇತ್ತು. ಸಿಕ್ಕಿಬಿದ್ರೆ ಅವನಿಗೆ ಬರೋ ಹಣಾನೂ ಇಲ್ಲ, ಹೆಸರೂ ಇಲ್ಲ. ಅದಕ್ಕೇ ಮಾಡ್ದೆ. ಸುಮ್ನೆ ಬಿಟ್ಬಿಡಿ ಅತ್ತಿಗೆ. ಕೆಳಗಿನ ಆಯಮ್ಮ ಒಂದು ದೂರು ಕೊಟ್ರೂ ಹಣದ ಫೈಲು ಅಲ್ಲೇ ನಿಲ್ಲತ್ತೆ."

ಅವಳಿಗೆ ಗೆಳೆಯನ ಮೇಲೆ ಸಿಟ್ಟು ಬರಲಿಲ್ಲ. ಕಂಪನಿಯ ಮೇಲೂ ಬರಲಿಲ್ಲ. ಸಿಟ್ಟು ನೇರವಾಗಿ ಹೋಗಬೇಕಾದಲ್ಲಿಗೆ ಹೋಯಿತು. ಊಟದ ಮುಂದೆ ಕೂತು ಕಳ್ಳರ ಕಥೆ ಹೇಳಿ ನಗಿಸುತ್ತಿದ್ದವನು. ದಿನಾ ಬಿಸಿನೀರು ಸುರಿದುಕೊಂಡು ಸಿಳ್ಳೆ ಹಾಕುತ್ತಿದ್ದವನು. ಸತ್ತು ತಪ್ಪಿಸಿಕೊಂಡಿದ್ದ. ಇನ್ನೆಲ್ಲಿ ಹಿಡಿದು ಕೇಳುವುದು?

"ನಮ್ಮ ಕಿಟಕಿಯಿಂದ ಕೆಳಗಿನ ಅಂಗಡಿವರೆಗೆ ಮುಟ್ಟೋ ಕೇಬಲ್ಲು ಬೇಕು," ಎಂದಳು. "ದಪ್ಪದ್ದು, ತುದೀಲಿ ಸಾಕೆಟ್ ಇರೋದು. ಇವತ್ತೇ."

"ಯಾಕೆ?"

"ತನ್ನಿ ಅಂದೆ."

* * *

ಮಧ್ಯಾಹ್ನದ ಬಿಸಿಲಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಂತೆ, ಏಣಿ ಕೇಬಲ್ಲನ್ನು ಕಿಟಕಿಯಿಂದ ಇಳಿಬಿಟ್ಟ. ಅವಳು ಅದರ ತುದಿ ಹಿಡಿದು ಅಂಗಡಿಯೊಳಗೆ ಹೋದಳು. ನಿಂತೇ ಎಲ್ಲ ಹೇಳಿದಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ಟೈಲರಕ್ಕನ ಕಾಲು ಮಷೀನಿನ ಮೇಲೆ ನಿಂತುಹೋಯಿತು.

"ಮೂರು ವರ್ಷ," ಎಂದರು. "ಮೂರು ವರ್ಷ ನನ್ನ ಗಂಡನ ಜೀವ ತಿಂದಿದೀನಿ, ದೀಪ ಆರ್ಸಲ್ಲ, ಫ್ಯಾನು ಆರ್ಸಲ್ಲ ಅಂತ. ಆತ ಕತ್ತಲಲ್ಲಿ ಕೂತು ಉಣ್ತಿದ್ದ ಮಾರಾಯ್ತಿ."

ಟೈಲರಕ್ಕ ಕತ್ತರಿಯನ್ನು ಮಷೀನಿನ ಮೇಲೆ ಕುಕ್ಕಿದರು.

"ನಿಮ್ಮನೆಯವರು ಇಲ್ಲಿ ಬಂದು ಪ್ಯಾಂಟು ಹೊಲಿಸ್ಕೊಂಡು, ಬಿಲ್ಲು ಜಾಸ್ತಿ ಬರ್ತಿದ್ಯಾ ಅಕ್ಕ ಅಂತ ಬೇರೆ ಕೇಳ್ತಿದ್ರು."

"ಹೂಂ."

"ದೂರು ಕೊಟ್ರೆ?"

"ಹಣ ನಿಲ್ಲತ್ತೆ. ಮನೆ ಬಿಡ್ತೀವಿ. ಕೊಡೋದಾದ್ರೆ ಕೊಡಿ. ಅದೇನೇ ಇರ್ಲಿ, ಇದು ನಮ್ಮ ಮೀಟರಿನ ಲೈನು. ನಾವು ಇಲ್ಲಿರೋ ತನಕ ನಿಮ್ಮದೆಲ್ಲ ಇದರಲ್ಲೇ ಓಡಲಿ. ಗೀಸರ್ ಇವತ್ತಿಂದ ಬಂದ್."

"ಅತ್ತೆಗೆ?"

"ಒಲೆ ಮೇಲೆ ಕಾಯಿಸ್ಕೊಡ್ತೀನಿ."

ಟೈಲರಕ್ಕ ಪರವಾಗಿಲ್ಲ ಎನ್ನಲಿಲ್ಲ. ಎದ್ದು ಅವಳ ಕೈಯಿಂದ ಕೇಬಲ್ಲು ಕಿತ್ತುಕೊಂಡರು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಬಟ್ಟೆಗಳನ್ನು ತಬ್ಬಿ ತಂದು ಮೇಜಿನ ಮೇಲೆ ಸುರಿದರು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಆ ಕೇಬಲ್ಲಿಗೇ ಚುಚ್ಚಿ, ಅದರ ಗುಂಡಿಯನ್ನು ಎಲ್ಲಿವರೆಗೆ ತಿರುಗುತ್ತದೋ ಅಲ್ಲಿವರೆಗೆ ತಿರುಗಿಸಿದರು.