ಕೊನೆಯ ಕಂತಿಗೆ ಕಾದವಳು

ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಕಣಿವೆಯ ಊರಿನಲ್ಲಿ ಗ್ವೆನ್ ಎಂದರೆ ಮೋರೀನ್‌ಳ ಮನೆಯ ಬಾಡಿಗೆಯವಳು. ಹಾಗೆಂದು ನಂಬಿದವರಲ್ಲಿ ಮೊದಲಿಗಳು ಮೋರೀನ್‌ಳ ಅಕ್ಕ ಥೆಲ್ಮಾ. ನಂಬಿಸಿದವಳು ಸ್ವತಃ ಮೋರೀನ್. ಗ್ವೆನ್‌ಗೂ ಅವಳಿಗೂ ತಲೆ ನರೆಯಿತು, ಆ ಸುಳ್ಳಿಗೆ ಮಾತ್ರ ವಯಸ್ಸಾಗಲಿಲ್ಲ.

ವಸಂತದಲ್ಲೊಮ್ಮೆ ಮೋರೀನ್ ಧೈರ್ಯ ಮಾಡಿ ಕೇಳಿದ್ದಳು, "ನಾವೂ ಮದುವೆ ಆಗೋಣ್ವಾ?"

ಗ್ವೆನ್ ಕನ್ನಡಕದ ಮೇಲಿಂದ ನೋಡಿದಳು. ಆ ನೋಟಕ್ಕೆ ಮೋರೀನ್ ಇಂದಿಗೂ ಕರಗಿಹೋಗುತ್ತಿದ್ದಳು.

"ನಿಮ್ಮಕ್ಕನಿಗೆ ಹೇಳ್ತೀಯಾ?"

"ಹೇಳ್ತೀನಿ... ನೋಡೋಣ."

"ಹೇಳಿದ ಮೇಲೆ ಕೇಳು. ಕದ್ದು ಬಾಳಿದ್ದು ಸಾಕು ಕಣೇ. ಮದುವೆನೂ ಕದ್ದು ಆಗೋಕೆ ನನ್ನಿಂದಾಗಲ್ಲ."

ಆ ದಿನಗಳಲ್ಲೇ ಟಿವಿಯಲ್ಲಿ ಹೊಸ ಧಾರಾವಾಹಿಯೊಂದು ಶುರುವಾಯಿತು. ಇನ್ನೂರು ವರ್ಷ ಹಿಂದಿನ ಕಥೆ. ಉಣ್ಣೆ ಗಿರಣಿಯ ಒಡತಿಗೂ ಅವಳ ಮನೆಗೆ ಪಾಠ ಹೇಳಲು ಬಂದವಳಿಗೂ ಪ್ರೀತಿ. ಭಾನುವಾರ ಸಂಜೆಯಾದರೆ ಥೆಲ್ಮಾ ತಂಗಿಯ ಮನೆಗೆ ಬಂದು ಟಿವಿ ಮುಂದೆ ಕೂರುತ್ತಿದ್ದಳು. ಕಥೆಯ ಆ ಇಬ್ಬರ ಬೆರಳು ತಾಗಿದರೆ ಸಾಕು, "ಬೇಗ ಹೇಳೇ, ಪೆದ್ದಿ!" ಎಂದು ಪರದೆಗೇ ಬೈಯುತ್ತಿದ್ದಳು.

ಮೋರೀನ್‌ಗೆ ಆಸೆ ಚಿಗುರಿತು. ಕೊನೆಯ ಕಂತಿನಲ್ಲಿ ಅವರು ಒಂದಾಗಲಿ, ಅಕ್ಕ ಕಣ್ಣೊರೆಸಿಕೊಳ್ಳಲಿ, ಆಗ ಮೆಲ್ಲಗೆ ಹೇಳಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ನಿನ್ನ ಮಾತು ಆಡೋಕೂ ಟಿವಿಯವರೇ ಬೇಕಾ?" ಎಂದು, ಅವಳ ಉಪಾಯ ಕೇಳಿ, ಗ್ವೆನ್ ನಕ್ಕಳು. ನಗುವಿನಲ್ಲಿ ಆಯಾಸವಿತ್ತು.

ಕೊನೆಯ ಕಂತೂ ಬಂತು. ಪಾಠದವಳು ಕೆಮ್ಮಿ ಕೆಮ್ಮಿ ಸತ್ತಳು. ಒಡತಿ ಯಾವನೋ ಕ್ಯಾಪ್ಟನ್‌ನನ್ನು ಮದುವೆಯಾಗಿ, ಸಮಾಧಿಗೆ ಹೂವಿಟ್ಟು, ಸಾರೋಟು ಹತ್ತಿದಳು. ಇಷ್ಟು ವಾರ ಕಾಯಿಸಿ ಕೈಗೆ ಚಿಪ್ಪು ಕೊಟ್ಟರು.

ಗ್ವೆನ್ ಎದ್ದು ಟೀ ಮಾಡಲು ಅಡುಗೆಮನೆಗೆ ಹೋದಳು.

"ಪಾಪ," ಥೆಲ್ಮಾ ಮೂಗೊರೆಸಿಕೊಂಡಳು. "ಅಂಥವರಿಗೆ ಇನ್ನೇನಾಗುತ್ತೆ ಹೇಳು. ಹೀಗೇ ಮುಗಿಯೋದು."

ಇವತ್ತು ಬೇಡ ಎನ್ನಿಸಿತು ಮೋರೀನ್‌ಗೆ. ಆದರೆ ಅಡುಗೆಮನೆಯಲ್ಲಿ ಕಪ್ಪು ಜೋಡಿಸುವ ಸದ್ದು ನಿಂತುಹೋಗಿತ್ತು. ಗ್ವೆನ್‌ಗೆ ಕೇಳಿಸಿತ್ತು. ಈಗಲೂ ಸುಮ್ಮನಿದ್ದರೆ ಅವಳನ್ನು ತಾನೇ ಕೈಯಾರೆ ಹೂತಂತೆ.

"ಹಾಗೆ ಮುಗಿಯಲ್ಲ ಅಕ್ಕ. ಗ್ವೆನ್ ಬಾಡಿಗೆಯವಳಲ್ಲ. ನಾನು ಪ್ರೀತಿಸಿದವಳು. ನನ್ನ ಸಂಸಾರ ಅಂದ್ರೆ ಅವಳೇ."

ಥೆಲ್ಮಾ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ನಟನಟಿಯರ ಹೆಸರುಗಳು ಓಡಿ ಮುಗಿದು ಜಾಹೀರಾತು ಬಂತು.

"ಕ್ರಿಸ್‌ಮಸ್‌ಗೆ ಪ್ರತಿ ವರ್ಷ ನಮ್ಮನೆಗೆ ಊಟಕ್ಕೆ ಬರ್ತಿದ್ಯಲ್ಲ," ಎಂದಳು ಕೊನೆಗೆ. "ಆಗ ಅವಳು?"

"ಇಲ್ಲೇ. ಒಬ್ಬಳೇ."

"ಬಿಟ್ಟು ಬರ್ತಿದ್ಯಾ?"

"ಹ್ಞೂಂ."

"ಹೇಳಿದ್ರೆ ನಾನು ಅವಳನ್ನೂ ಕರೀತಿದ್ದೆ ಅನ್ನೋಕೆ ಬಾಯಿ ಬರ್ತಿಲ್ಲ ಕಣೇ." ಥೆಲ್ಮಾ ಟಿವಿ ಆರಿಸಿದಳು. "ಕರೀತಿರಲಿಲ್ಲ ಅನ್ಸುತ್ತೆ."

ಟ್ರೇ ಹಿಡಿದ ಗ್ವೆನ್ ಬಾಗಿಲಲ್ಲೇ ನಿಂತಿದ್ದಳು. ಮೋರೀನ್ ಎದ್ದು ಹೋಗಿ, ಅಕ್ಕನ ಎದುರಿಗೇ, ಗ್ವೆನ್‌ಳ ಕೆನ್ನೆ ಮುಟ್ಟಿದಳು.

"ಹೇಳಿದೆ. ಈಗ ಕೇಳ್ತಿದ್ದೀನಿ. ನನ್ನ ಮದುವೆ ಆಗ್ತೀಯಾ?"

"ಟ್ರೇ ಇಡೋಕಾದ್ರೂ ಬಿಡೇ," ಎಂದಳು ಗ್ವೆನ್. ಇಡಲಿಲ್ಲ. ಕಪ್ಪುಗಳು ಗಲಗಲ ನಡುಗಿದವು. "ಆಗ್ತೀನಿ."

ಥೆಲ್ಮಾ ಎದ್ದಳು. ಹೊರಟೇಬಿಟ್ಟಳು ಎಂದುಕೊಂಡಳು ಮೋರೀನ್. ಥೆಲ್ಮಾ ಹತ್ತಿರ ಬಂದು ಗ್ವೆನ್‌ಳ ಕೈಯಿಂದ ಟ್ರೇ ತೆಗೆದುಕೊಂಡಳು, ಮೇಜಿನ ಮೇಲಿಟ್ಟಳು, ಒಂದು ಕಪ್ಪಿಗೆ ಟೀ ಬಗ್ಗಿಸಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ನಿನಗೆ ಸಕ್ಕರೆ ಎಷ್ಟು ಅಂತಾನೂ ನನಗೆ ಗೊತ್ತಿಲ್ಲ ನೋಡು, ಗ್ವೆನ್," ಎಂದಳು.