ದೊಡ್ಡತ್ತೆಗೆ ಉಣಿಸಲು ಇಬ್ಬರು ಬೇಕು

"ಇವತ್ತು ಹುಣ್ಣಿಮೆ. ಜೀವ ಇರೋದನ್ನ ಮಾರಲ್ಲ," ಎಂದಳು ಪೇಶಾನ್, ಕೈಯಲ್ಲಿದ್ದ ಹೊಟ್ಟಿನ ಬುಟ್ಟಿಯನ್ನು ಕೆಳಗಿಡದೆಯೇ.

ಬಾಗಿಲಲ್ಲಿ ನಿಂತಿದ್ದ ಗಂಡಸು ಅವಳ ಮುಖ ನೋಡಲಿಲ್ಲ. ಗೋಡೆಯ ಪಕ್ಕದ ದೊಡ್ಡ ಫ್ರೀಜರ್‌ಗೆ ಹೇಳುವವನಂತೆ, "ಒಂದೇ ಒಂದು ಇಲಿ ಸಾಕು," ಎಂದ.

"ಒಂದೋ ನೂರೋ, ಹುಣ್ಣಿಮೆ ಅಮಾವಾಸ್ಯೆಗೆ ಇಲ್ಲ ಅಂದ್ರೆ ಇಲ್ಲ. ನಾನೂ ಇವತ್ತು ಬರೀ ಸೊಪ್ಪು ತಿನ್ನೋದು. ಬೇಕಾದ್ರೆ ಆ ಫ್ರೀಜರನ್ನೇ ಕೇಳಿ, ಅದೂ ಇದನ್ನೇ ಹೇಳತ್ತೆ."

ಅವನ ಕಿವಿ ಕೆಂಪಾಯಿತು. ಒಮ್ಮೆ ಕಣ್ಣೆತ್ತಿದ, ಮರುಕ್ಷಣವೇ ಇಳಿಸಿದ. ಆ ಅರೆಗಳಿಗೆಯಲ್ಲಿ ಪೇಶಾನ್ ಕಂಡದ್ದು ನಿದ್ದೆಗೆಟ್ಟ ಎರಡು ಒಳ್ಳೆಯ ಕಣ್ಣು. ಬಸ್ ಡ್ರೈವರುಗಳ ನೀಲಿ ಅಂಗಿ ತೊಟ್ಟಿದ್ದ. ವಯಸ್ಸು ನಲವತ್ತರ ಆಸುಪಾಸು. ಇದನ್ನೆಲ್ಲ ಯಾಕೆ ಗಮನಿಸಿದೆ ಎಂದು ಅವಳಿಗೆ ಆಮೇಲೆ ತನ್ನ ಮೇಲೇ ಸಿಟ್ಟು ಬಂತು.

ವಾನ್‌ದಾನ್ ಊರಿನ ಅಂಚಿನಲ್ಲಿ, ಅಪ್ಪ ಹಂದಿ ಸಾಕುತ್ತಿದ್ದ ಕೊಟ್ಟಿಗೆಯಲ್ಲಿ ಪೇಶಾನ್ ಒಂಬತ್ತು ವರ್ಷದಿಂದ ಇಲಿ ಸಾಕುತ್ತಿದ್ದಳು. ಪಿಂಗ್‌ತುಂಗ್ ಸೀಮೆಯಲ್ಲಿ ಹಾವು ಸಾಕುವವರೆಲ್ಲ ಅವಳ ಗಿರಾಕಿಗಳೇ. ಹೆಚ್ಚಿನವರು ಒಯ್ಯುತ್ತಿದ್ದುದು ಫ್ರೀಜರಿನ ಸತ್ತ ಇಲಿಗಳನ್ನು. ಜೀವಂತ ಇಲಿ ಬೇಕೆಂದವರು ಮಾತ್ರ ಅವಳ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಇಲಿ ಮಾರುವವಳಿಗೆ ಇಷ್ಟು ಜಂಭವೇ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದರು. ಆಡಿಕೊಳ್ಳಲಿ. ಹುಟ್ಟಿಸಿದವಳಿಗೆ ಅದು ಹೇಗೆ ಸಾಯುತ್ತದೆ ಎಂದು ಕೇಳುವ ಹಕ್ಕಿಲ್ಲವೇ?

ಮರುದಿನವೂ ಅವನು ಬಂದ. ಕೈಯಲ್ಲಿ ಕೆಂಪುಕಾಳಿನ ಹೂರಣದ ಬಿಸಿ ಕೇಕಿನ ಪೊಟ್ಟಣವಿತ್ತು.

"ಲಂಚಾನಾ?"

"ಅಲ್ಲ... ನಿನ್ನೆ ಬರೀ ಸೊಪ್ಪು ತಿಂದ್ರಲ್ಲ, ಅದಕ್ಕೆ."

ಹೆಸರು ಹೊಂಗ್‌ಮಿನ್. ಹಾವು ಅವನದಲ್ಲ, ತಮ್ಮ ಅಕಾಯ್‌ದು. ಒಂಬತ್ತಡಿಯ ಹೆಬ್ಬಾವು, ಹೆಸರು ದೊಡ್ಡತ್ತೆ. ಇಡೀ ದಿನ ಬಿದ್ದಲ್ಲೇ ಬಿದ್ದಿರುತ್ತಾಳೆ, ಯಾರೊಂದಿಗೂ ಮಾತಿಲ್ಲ, ಊಟದ ಹೊತ್ತಿಗೆ ಮಾತ್ರ ಎದ್ದು ಕೂರುತ್ತಾಳೆ ಎಂದು ತಮ್ಮನೇ ಇಟ್ಟ ಹೆಸರು. ಆ ತಮ್ಮ ಕಾಯಿಲೆಯಿಂದ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ದೊಡ್ಡತ್ತೆ ಏನನ್ನೂ ಮುಟ್ಟಿರಲಿಲ್ಲ.

"ಸತ್ತಿರೋದನ್ನ ಬೆಚ್ಚಗೆ ಮಾಡಿ ಕೊಟ್ಟು ನೋಡಿದ್ರಾ?"

"ಐದು ಸಲ. ಮೂಸಿನೂ ನೋಡಲ್ಲ. ಅಕಾಯ್ ಬಿಟ್ಟುಹೋಗಿರೋದು ಇದೊಂದೇ. ಇದೂ ಹೋದ್ರೆ..."

ಪೇಶಾನ್ ಧ್ವನಿ ತಗ್ಗಿಸಿದಳು. "ಕೇಳಿ. ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಜೀವಂತ. ಮೊದ್ಲು ಇಲಿ ಹೊಟ್ಟೆ ತುಂಬ್ಸಿ. ಹಸಿದಿರೋ ಇಲಿ ಹಾವನ್ನೇ ಕಚ್ಚತ್ತೆ. ಕೈಯಲ್ಲಿ ಉದ್ದನೆ ಇಕ್ಕಳ ಇರ್ಲಿ. ಹದಿನೈದು ನಿಮಿಷ ಕಣ್ಣು ಕೀಳದೆ ಕೂತಿರಿ. ಅಷ್ಟರಲ್ಲಿ ಹಾವು ಹಿಡೀಲಿಲ್ಲ ಅಂದ್ರೆ ಇಲಿನ ಹೊರಗೆ ತೆಗೀರಿ. ಬಿಟ್ಟು ಎದ್ದುಹೋಗೋ ಹಾಗೇ ಇಲ್ಲ. ಇನ್ನೊಂದು, ಅಷ್ಟು ದೊಡ್ಡ ಹಾವಿಗೆ ಉಣಿಸೋವಾಗ ಇಬ್ಬರಿರ್ಬೇಕು. ಮನೇಲಿ ಇನ್ನೊಬ್ರು ಇದಾರಾ?"

ಹೊಂಗ್‌ಮಿನ್ ಮತ್ತೆ ಫ್ರೀಜರ್ ನೋಡಿದ. "ಇದಾರೆ," ಎಂದ.

ಪೇಶಾನಳ ಬಾಯಲ್ಲಿದ್ದ ಹೂರಣ ಯಾಕೋ ಸಪ್ಪಗಾಯಿತು. ಇರದೆ ಏನು? ಈ ವಯಸ್ಸಿನ ಗಂಡಸಿನ ಮನೆಯಲ್ಲಿ ಹೆಂಡತಿ ಇರುವುದು ಲೋಕಾರೂಢಿ. ಬಿಸಿ ಕೇಕು ತಂದವರೆಲ್ಲ ತನಗಾಗಿಯೇ ತಂದರು ಎಂದುಕೊಳ್ಳಲು ತಾನೇನು ಹದಿನಾರರ ಹುಡುಗಿಯೇ? ಬೇಗ ಹೋದರೆ ಸಾಕು ಎನ್ನಿಸಿ, ಅವಸರದಲ್ಲಿ ಒಂದು ಇಲಿಯನ್ನು ಡಬ್ಬಿಗೆ ಹಾಕಿ ಕೊಟ್ಟುಬಿಟ್ಟಳು. ಪ್ರತಿ ಗಿರಾಕಿಗೂ ಕೇಳುವ ಕೊನೆಯ ಪ್ರಶ್ನೆಯನ್ನು ಅವತ್ತು ಕೇಳಲಿಲ್ಲ: ಹಾವಿನ ಕಣ್ಣಿನ ಫೋಟೊ ತೋರಿಸಿ, ತಿಳಿಯಾಗಿದೆಯೋ ಮಂಜಾಗಿದೆಯೋ?

ಭಾನುವಾರ ಮಧ್ಯಾಹ್ನ ಫೋನ್ ಬಂತು. ಅವನ ಮಾತು ತೊದಲುತ್ತಿತ್ತು. "ಬೆನ್ನಲ್ಲಿ ರಕ್ತ. ಮೂಳೆ ಕಾಣಿಸ್ತಿದೆ. ಬೇಗ ಬನ್ನಿ."

ಅವನ ಮನೆಯೆದುರು ಸ್ಕೂಟರ್ ನಿಲ್ಲಿಸಿ ಅವಳು ಒಳಗೆ ಓಡಿದಳು. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಸಿಂಕಿನಲ್ಲಿ ಒಂದೇ ಬಟ್ಟಲು. ಇನ್ನೊಬ್ಬರು ಆ ಮನೆಯಲ್ಲಿ ಇರಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ದೊಡ್ಡತ್ತೆ ಸುರುಳಿ ಸುತ್ತಿ ಬಿದ್ದಿದ್ದಳು. ಕಣ್ಣೆರಡೂ ಗಂಜಿ ನೀರಿನ ಬಣ್ಣಕ್ಕೆ ತಿರುಗಿದ್ದವು. ಪೊರೆ ಬಿಡುವ ಕಾಲ. ಆಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಹಸಿವೂ ಇರುವುದಿಲ್ಲ. ಇಲಿಗೆ ಮಾತ್ರ ಹಸಿವಿತ್ತು. ಬೆನ್ನಿನ ಮೇಲೆ ಅಂಗೈ ಉದ್ದದ ಗಾಯ.

"ಎಷ್ಟು ಹೊತ್ತು ಬಿಟ್ಟಿದ್ರಿ?"

"ಮೂರು ಗಂಟೆ."

"ನೀವೆಲ್ಲಿದ್ರಿ?"

"ದೇವಸ್ಥಾನದಲ್ಲಿ."

ಪೇಶಾನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. "ಡ್ರೈವರ್ ಸಾಹೇಬ್ರೇ, ಪ್ರಯಾಣಿಕರನ್ನ ನಡುರಸ್ತೇಲಿ ಬಿಟ್ಟು ಬಸ್ಸಿಂದ ಇಳಿದುಹೋಗ್ತೀರಾ ನೀವು?" ಎಂದಳು, ಅಷ್ಟೇ. ಹೇಳುವಾಗ ತನ್ನ ಮುಖವೂ ಉರಿಯುತ್ತಿತ್ತು. ಕಣ್ಣಿನ ಬಗ್ಗೆ ಕೇಳದವಳು ತಾನೇ ಅಲ್ಲವೇ!

ಕಾವ್‌ಶುಂಗ್ ನಗರದ ಪ್ರಾಣಿಗಳ ಡಾಕ್ಟರು ಹೊಲಿಗೆ ಹಾಕಿ, ಇಂಜೆಕ್ಷನ್ ಕೊಟ್ಟು, ಕೀವಾಗದಿದ್ದರೆ ಬದುಕೀತು ಎಂದರು. ಆಗಲೇ ಬಡಕಲಾಗಿದೆ, ಗಾಯ ಮಾಗಿದ ಕೂಡಲೇ ತಿನ್ನಲೇಬೇಕು ಎಂದೂ ಸೇರಿಸಿದರು.

ಅಂದಿನಿಂದ ದಿನ ಬಿಟ್ಟು ದಿನ ಪೇಶಾನ್ ಅವನ ಮನೆಗೆ ಹೋದಳು. ಅವನು ಹಾವಿನ ತಲೆಯ ಹಿಂದೆ ಮೆಲ್ಲಗೆ ಹಿಡಿಯುವುದು, ಅವಳು ಉಪ್ಪುನೀರಲ್ಲಿ ಗಾಯ ತೊಳೆದು ಮುಲಾಮು ಹಚ್ಚುವುದು. ಮೊದಲ ವಾರ ಇಬ್ಬರ ನಡುವೆ ಹತ್ತಿ, ಬಟ್ಟಲು, ಹಿಡಿ, ಬಿಡಿ ಎನ್ನುವಷ್ಟೇ ಮಾತು.

ಎರಡನೇ ವಾರ ಅವನೇ ಕೇಳಿದ. "ಕಚ್ಚಿದ್ದ ಆ ಇಲಿ ಏನಾಯ್ತು?"

"ನನ್ನ ಕೊಟ್ಟಿಗೇಲಿ ಆರಾಮಾಗಿದೆ. ಇನ್ನು ಅದನ್ನ ಮಾರಲ್ಲ. ಅದರ ತಪ್ಪೇನು? ಹಸಿವಾಗಿತ್ತು."

ಮುಂದಿನ ಸಲದಿಂದ ಅವನು ಕೊಡುತ್ತಿದ್ದ ಕೇಕಿನ ಪೊಟ್ಟಣದಲ್ಲಿ ಒಂದು ಸಣ್ಣ ತುಂಡು ಬೇರೆಯಾಗಿ ಕಟ್ಟಿರುತ್ತಿತ್ತು. "ಇದು ಅದಕ್ಕೆ," ಎನ್ನುತ್ತಿದ್ದ ಅವನು, ಕಿಟಕಿಯತ್ತ ನೋಡುತ್ತ. ಪೇಶಾನಳಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

"ಯಾಕ್ರೀ ನೀವು ಯಾರ ಮುಖಾನೂ ನೋಡಲ್ಲ?"

"ಕನ್ನಡೀಲಿ ನೋಡಿ ಅಭ್ಯಾಸ. ಬಸ್ಸಲ್ಲಿ."

"ಹಾಗಾದ್ರೆ ನಾಳಿದ್ದು ಒಂದು ಕನ್ನಡಿ ತರ್ತೀನಿ. ಕತ್ತಿಗೆ ಕಟ್ಕೊಂಡು ಕೂರ್ತೀನಿ."

ಅವನು ನಕ್ಕ. ನಗುವಾಗ ಕೆಳಗಿನ ತುಟಿ ಒಂದು ಬದಿಗೆ ಸೊಟ್ಟಗಾಗುತ್ತಿತ್ತು. ಆ ಸೊಟ್ಟ ನಗುವನ್ನು ಅವಳು ಮನೆಗೆ ಒಯ್ದಳು, ಇಲಿಗಳಿಗೆ ಕಾಳು ಹಾಕುವಾಗಲೂ ಅದು ಜೊತೆಗಿತ್ತು. ಪ್ರೀತಿ ಎಂದು ಒಪ್ಪಿಕೊಳ್ಳಲು ಅವಳಿಗೆ ಭಯ. ಎದ್ದು ಹೋಗುವವನು ಒಮ್ಮೆ ಎದ್ದು ಹೋಗಿದ್ದಾನೆ, ಇನ್ನೊಮ್ಮೆ ಹೋಗುವುದಿಲ್ಲ ಎಂದು ಯಾರು ಹೇಳಬೇಕು?

ಒಂದು ಸಂಜೆ ಮುಲಾಮು ಹಚ್ಚುತ್ತ ಕೇಳಿಯೇಬಿಟ್ಟಳು. "ಅವತ್ತು ಯಾಕೆ ಹೋದ್ರಿ? ನಿಜ ಹೇಳಿ."

"ಹನ್ನೆರಡು ಪ್ರಾಣಿಗಳ ವರ್ಷದಲ್ಲಿ ನಾನು ಇಲಿ ವರ್ಷದಲ್ಲಿ ಹುಟ್ಟಿದವನು. ಅಕಾಯ್ ಶವದ ಪೆಟ್ಟಿಗೆ ಮುಚ್ಚೋ ಹೊತ್ತಿಗೆ ಪಂಚಾಂಗ ನೋಡಿದ್ರು. ಇಲಿ ವರ್ಷದವರಿಗೆ ಈ ಗಳಿಗೆ ಆಗಲ್ಲ, ಬೆನ್ನು ತಿರುಗಿಸಿ ನಿಲ್ಲಿ ಅಂದ್ರು. ತಿರುಗಿ ನಿಂತೆ. ಊರವರೆಲ್ಲ ಅವನ ಮುಖ ನೋಡ್ತಿದ್ರು, ನಾನು ಗೋಡೆ ನೋಡ್ತಿದ್ದೆ. ಮುಚ್ಚಳದ ಸದ್ದು ಮಾತ್ರ ಕೇಳಿಸ್ತು."

ಅವನು ಹಾವನ್ನು ಮೆಲ್ಲಗೆ ಗಾಜಿನ ಪೆಟ್ಟಿಗೆಯೊಳಗೆ ಇಳಿಸಿದ.

"ಅವತ್ತು ಇಲಿ ಬಿಟ್ಟು ಈ ಪೆಟ್ಟಿಗೆ ಮುಚ್ಚಳ ಹಾಕ್ದೆ. ಅದೇ ಸದ್ದು. ಕಾಲು ತಾನಾಗೇ ತಿರುಗ್ತು. ನೋಡದೆ ಇದ್ರೆ ಪಾಪ ಅಂಟಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ."

"ನೋಡದೆ ಇದ್ರೇನೇ ರೀ ಅಂಟೋದು," ಎಂದಳು ಪೇಶಾನ್. ಗದರಿಸುವ ಧ್ವನಿಯಲ್ಲೇ ಹೇಳಿದಳು, ಆದರೆ ಅವಳ ಕಣ್ಣು ತುಂಬಿತ್ತು. "ನಾನು ಹಾವಿನ ವರ್ಷದವಳು. ನಿಮ್ಮ ಪಂಚಾಂಗದವರು ಇದಕ್ಕೇನಂತಾರೋ!"

"ಓಡಿಹೋಗು ಅಂತಾರೆ."

"ಹೋಗ್ತೀರಾ?"

ಅವನು ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ. ತಾನು ಕೇಳಿದ ಆ ಒಂದು ಪದ ಅವಳನ್ನು ಮನೆಯ ದಾರಿಯುದ್ದಕ್ಕೂ ಚುಚ್ಚಿತು.

ಎರಡು ತಿಂಗಳಿಗೆ ಗಾಯ ಒಣಗಿ, ಹಳೆಯ ಪೊರೆ ಕಳಚಿ, ದೊಡ್ಡತ್ತೆಯ ಕಣ್ಣು ತಿಳಿಯಾಯಿತು. ಊಟ ಮಾತ್ರ ಬೇಡ. ಪೇಶಾನ್ ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಇಕ್ಕಳದಲ್ಲಿ ಹಿಡಿದು ಆಡಿಸಿದಳು. ಮೂರು ವಾರ, ಮೂರು ಸಲ. ಆಗಷ್ಟೇ ಕೊಂದದ್ದನ್ನು ಕೊಟ್ಟರೂ ಹಾವು ತಲೆ ಆಚೆ ತಿರುಗಿಸಿತು. ಬೆನ್ನುಮೂಳೆ ಎದ್ದು ಕಾಣತೊಡಗಿತ್ತು. ಇನ್ನು ತಡ ಮಾಡಬೇಡಿ ಎಂದರು ಡಾಕ್ಟರು.

ಶನಿವಾರ ಬೆಳಿಗ್ಗೆ ಪೇಶಾನ್ ಒಂದು ಇಲಿಯನ್ನು ತಂದಳು. ಹಾವಿನ ನಡುವಿಗಿಂತ ದಪ್ಪವಿಲ್ಲದ್ದನ್ನೇ ಆರಿಸಿದ್ದಳು. ಊಟದ ಮೇಜಿನ ಮೇಲೆ ಅದಕ್ಕೆ ಬೇಯಿಸಿದ ಗೆಣಸು ಇಟ್ಟಳು. ಇಲಿ ಎರಡೂ ಕೈಯಲ್ಲಿ ಹಿಡಿದು ತಿಂದಿತು, ಮೀಸೆ ಒರೆಸಿಕೊಂಡಿತು.

"ಮುಟ್ಟಬಹುದಾ?" ಎಂದ ಹೊಂಗ್‌ಮಿನ್.

"ಮುಟ್ಟಿ."

ಅವನು ಒಂದೇ ಬೆರಳಲ್ಲಿ ಅದರ ಬೆನ್ನು ಸವರಿದ. ಮುಖ ಬಿಳಿಚಿತ್ತು.

"ಇವತ್ತೂ ಎದ್ದುಹೋಗ್ಬೇಕು ಅನ್ನಿಸಿದ್ರೆ ಈಗ್ಲೇ ಹೇಳಿ. ಪಕ್ಕದ ಮನೆಯವರನ್ನ ಕರೀತೀನಿ. ನನಗೆ ಬೇಕಾಗಿರೋದು ಕೊನೇ ತನಕ ಕೂತಿರೋ ಮನುಷ್ಯ." ಇಲಿಗಾಗಿ ಅಷ್ಟೇ ಹೇಳಿದ ಮಾತಲ್ಲ ಅದು ಎಂದು ಇಬ್ಬರಿಗೂ ತಿಳಿದಿತ್ತು.

"ಕೂರ್ತೀನಿ."

ಹೊಸವರ್ಷಕ್ಕೆ ಕೋಳಿ ಕೊಯ್ಯುವಾಗ ಪೇಶಾನಳ ಅಜ್ಜಿ ಅದರ ಕಿವಿಯಲ್ಲಿ ಒಂದು ಮಾತು ಹೇಳುತ್ತಿದ್ದಳು. ಪೇಶಾನ್ ಇಲಿಗಳಿಗೂ ಅದನ್ನೇ ಹೇಳುತ್ತಿದ್ದಳು. ಅವತ್ತು ಅವಳು ಬಾಯಿ ತೆರೆಯುವ ಮುಂಚೆ ಹೊಂಗ್‌ಮಿನ್ ಬಗ್ಗಿದ. ಅವನ ಮನೆಯಲ್ಲೂ ಇದ್ದ ಮಾತೇ ಅದು. "ಇಲಿಯಾಗಿದ್ದು ಸಾಕು ಕಣಪ್ಪ. ಬೇಗ ಹೋಗು, ಉಳ್ಳವರ ಮನೇಲಿ ಮಗುವಾಗಿ ಹುಟ್ಟು."

ಪೇಶಾನ್ ಇಕ್ಕಳ, ಕೋಲು ಹಿಡಿದು ಒಂದು ಬದಿಗೆ ನಿಂತಳು. ಅವನು ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನೆದುರು ಕೂತ. ಮುಚ್ಚಳ ಸರಿಯುವ ಸದ್ದಿಗೆ ಅವನು ಬೆಚ್ಚಿದ, ಆದರೆ ತಿರುಗಲಿಲ್ಲ.

ಐದು ನಿಮಿಷ. ಎಂಟು. ಇಲಿ ಮೂಲೆ ಮೂಸಿತು. ದೊಡ್ಡತ್ತೆಯ ನಾಲಗೆ ಹೊರಬಂದು ಒಳಹೋಯಿತು.

"ತೆಗೆದುಬಿಡೋಣ್ವಾ?" ಎಂದ ಅವನು, ಒಡೆದ ದನಿಯಲ್ಲಿ.

"ಇನ್ನೂ ಹೊತ್ತಿದೆ. ನೋಡ್ತಿರಿ."

ಹನ್ನೊಂದನೇ ನಿಮಿಷದಲ್ಲಿ ಹಾವು ಎರಗಿತು. ತಲೆಯ ಬಳಿಯೇ ಸರಿಯಾಗಿ ಹಿಡಿದು ಎರಡು ಸುತ್ತು ಬಿಗಿಯಿತು. ಇಲಿಯ ಹಿಂಗಾಲು ಒಮ್ಮೆ, ಎರಡು ಸಲ ಒದೆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಪೇಶಾನ್ ನೋಡುತ್ತಿದ್ದುದು ಹಾವನ್ನಲ್ಲ, ಅವನನ್ನು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದನ್ನೂ ಮರೆತು ಅವನು ಕಣ್ಣು ಬಿಟ್ಟುಕೊಂಡೇ ಇದ್ದ. ಬಾಲದ ತುದಿ ಹಾವಿನ ಬಾಯೊಳಗೆ ಮರೆಯಾಗುವ ತನಕ ಇದ್ದ.

"ನೋಡ್ದೆ," ಎಂದ ಕೊನೆಗೆ. "ಅಕಾಯ್‌ನನ್ನೂ ಹೀಗೇ ನೋಡ್ಬೇಕಿತ್ತು."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಸಂತೋಷಪಡುವ ಹೊತ್ತಲ್ಲ ಅದು. ಒಂದು ಜೀವ ಹೋಗಿತ್ತು, ಒಂದು ಉಳಿದಿತ್ತು.

ಅವನು ಎದ್ದು ಅವಳ ಕಡೆ ತಿರುಗಿದ. ಫ್ರೀಜರ್ ಇರಲಿಲ್ಲ, ಕಿಟಕಿಯೂ ಬೇಕಾಗಲಿಲ್ಲ. ಮೊದಲ ಬಾರಿಗೆ ಅವಳ ಕಣ್ಣನ್ನೇ ನೋಡಿದ.

"ಅವತ್ತು ನಿಮಗೆ ಸುಳ್ಳು ಹೇಳಿದ್ದೆ, ಮನೇಲಿ ಇನ್ನೊಬ್ರು ಇದಾರೆ ಅಂತ. ಅದನ್ನ ನಿಜ ಮಾಡ್ಬೇಕು ಅನ್ನಿಸ್ತಿದೆ, ಪೇಶಾನ್. ನೀವಿಲ್ಲದ ದಿನ ಈ ಮನೇಲಿ ನನಗೂ ಊಟ ಸೇರಲ್ಲ."

ಈಗ ಮುಖ ತಿರುಗಿಸಿದವಳು ಪೇಶಾನ್. ಇಕ್ಕಳ ತೊಳೆಯುವ ನೆಪದಲ್ಲಿ ಸಿಂಕಿನತ್ತ ಹೊರಟಳು. ಒಂಬತ್ತು ವರ್ಷ ಸಾವನ್ನು ನೆಟ್ಟನೋಟದಲ್ಲಿ ನೋಡಿದವಳಿಗೆ ಈ ಎರಡು ಕಣ್ಣು ನೋಡಲು ಧೈರ್ಯ ಸಾಲದಾಯಿತು.

"ಎದ್ದುಹೋಗೋ ಹಾಗಿಲ್ಲ," ಎಂದ ಅವನು ಹಿಂದಿನಿಂದ. "ನಿಮ್ಮದೇ ನಿಯಮ. ಹದಿನೈದು ನಿಮಿಷ ಕೂತ್ಕೊಳ್ಳಿ, ನನ್ನನ್ನ ನೋಡ್ತಾ. ಅಷ್ಟರಲ್ಲಿ ಬೇಡ ಅನ್ನಿಸಿದ್ರೆ ನನ್ನನ್ನ ಹೊರಗೆ ಹಾಕಿ."

"ನಿಮ್ಮ ಮನೆಯಿಂದ ನಿಮ್ಮನ್ನೇ?"

"ಹ್ಞೂಂ."

ಅವಳು ಇಕ್ಕಳವನ್ನು ಸಿಂಕಿನಲ್ಲಿಟ್ಟು ಬಂದು ಅವನೆದುರಿನ ಕುರ್ಚಿಯಲ್ಲಿ ಕೂತಳು. ಅವನು ಗಡಿಯಾರವನ್ನು ಮೇಜಿನ ಮೇಲೆ, ಗೆಣಸಿನ ಸಿಪ್ಪೆಯ ಪಕ್ಕದಲ್ಲಿಟ್ಟ. ಮೊದಲ ಎರಡು ನಿಮಿಷ ಅವಳಿಗೆ ನಗು ಬಂತು, ಆಮೇಲೆ ಅಳು ಬಂತು. ಹದಿನೈದು ನಿಮಿಷ ಯಾವಾಗ ಮುಗಿಯಿತೋ ಇಬ್ಬರೂ ನೋಡಲಿಲ್ಲ.